ಸಂಗೀತ ಸಾಫ್ಟ್‌ವೇರ್ ಕಂಪನಿಗಳು ಮುಂದಿನ ಆವೃತ್ತಿಯ ಬಗ್ಗೆ ಬಾಯಿ ಬಿಡುವುದಿಲ್ಲವೇಕೆ?

ಹಾಸನದ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋಗಳಿಗೆ ಶ್ರಾವಣದಿಂದ ದೀಪಾವಳಿಯವರೆಗೆ ಬಿಡುವಿಲ್ಲದ ಕಾಲ. ಗಣೇಶೋತ್ಸವದ ಆರ್ಕೆಸ್ಟ್ರಾಗಳಿಗೆ ಬೇಕಾದ ಟ್ರ್ಯಾಕ್‌ಗಳು, ನವರಾತ್ರಿಯ ಭಕ್ತಿಗೀತೆಗಳು, ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆರೆಯುವ ಹಾಸನಾಂಬೆಯ ಮೇಲಿನ ಹೊಸ ಹಾಡುಗಳು, ಎಲ್ಲವೂ ಈ ಅವಧಿಯಲ್ಲೇ ಮುಗಿಯಬೇಕು. ಹೀಗಾಗಿ ಸ್ಟುಡಿಯೋದವರು ಹೊಸ ಸಾಫ್ಟ್‌ವೇರ್ ಕೊಳ್ಳುವುದಾದರೆ ಕೆಲಸದ ಒತ್ತಡ ಶುರುವಾಗುವ ಮೊದಲು, ಜುಲೈ ಅಥವಾ ಆಗಸ್ಟ್‌ನಲ್ಲಿ ಕೊಳ್ಳುತ್ತಾರೆ. ಆದರೆ ಕಂಪನಿಗಳ ಪಂಚಾಂಗ ಬೇರೆ. ಏಬಲ್‌ಟನ್ ಕಂಪನಿ, ಹಾಡು ರೆಕಾರ್ಡ್ ಮಾಡಿ ಜೋಡಿಸುವ ತನ್ನ ‘ಲೈವ್’ ಸಾಫ್ಟ್‌ವೇರಿನ 10, 11 ಮತ್ತು 12ನೇ ಆವೃತ್ತಿಗಳನ್ನು ಕ್ರಮವಾಗಿ 2017, 2020 ಮತ್ತು 2023ರ ನವೆಂಬರ್ ತಿಂಗಳಲ್ಲಿ ಘೋಷಿಸಿತು. ಸ್ಟೈನ್‌ಬರ್ಗ್ ಕಂಪನಿಯ ಅಂಥದೇ ಸಾಫ್ಟ್‌ವೇರ್ ಆದ ಕ್ಯೂಬೇಸ್‌ನ 13 ಮತ್ತು 14ನೇ ಆವೃತ್ತಿಗಳು ಬಂದದ್ದೂ 2023 ಮತ್ತು 2024ರ ನವೆಂಬರ್‌ನಲ್ಲಿಯೇ. ಆಗಸ್ಟ್‌ನಲ್ಲಿ ಪೂರ್ತಿ ಹಣ ಕೊಟ್ಟವನ ಕೈಯಲ್ಲಿರುವುದು ದೀಪಾವಳಿ ಕಳೆಯುವಷ್ಟರಲ್ಲಿ ಹಳೆಯ ಆವೃತ್ತಿ ಎನಿಸಿಕೊಳ್ಳುತ್ತದೆ. ಹೊಸದು ಬರುವುದು ಕಂಪನಿಗೆ ಆಗಸ್ಟ್‌ನಲ್ಲೇ ಗೊತ್ತಿತ್ತಲ್ಲ, ಒಂದು ಮಾತು ಹೇಳಿದ್ದರೆ ಏನು ಕಳೆದುಕೊಳ್ಳುತ್ತಿತ್ತು ಎಂಬ ಸಿಟ್ಟು ಆಗ ಹುಟ್ಟುವುದು ಸಹಜ.

ಏನು ಕಳೆದುಕೊಳ್ಳುತ್ತಿತ್ತು ಎಂಬುದನ್ನೇ ಇಲ್ಲಿ ನೋಡೋಣ, ಏಕೆಂದರೆ ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ನನಗೆ ಸಮಾಧಾನ ಕೊಟ್ಟಿಲ್ಲ.

ಆ ಸಾಮಾನ್ಯ ಉತ್ತರವೆಂದರೆ ಪ್ರತಿಸ್ಪರ್ಧಿಗಳು ನಕಲು ಮಾಡುತ್ತಾರೆ ಎಂಬುದು. ಕೇಳಲು ಸರಿಯಾಗಿಯೇ ಕಾಣುವ ಈ ವಾದ ಈ ಕ್ಷೇತ್ರದ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಬರ್ಲಿನ್‌ನ ಏಬಲ್‌ಟನ್ 2001ರಲ್ಲಿ ಲೈವ್‌ನ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದಾಗ ಅದರ ಮುಖ್ಯ ಆಕರ್ಷಣೆಯಾಗಿದ್ದದ್ದು ‘ಸೆಷನ್ ವ್ಯೂ’ ಎಂಬ ಚೌಕಟ್ಟು: ಹಾಡಿನ ತುಣುಕುಗಳನ್ನು ಮನೆಗಳಲ್ಲಿ ಜೋಡಿಸಿಟ್ಟು, ಬೇಕಾದಾಗ ಬೇಕಾದದ್ದನ್ನು ತಾಳ ತಪ್ಪದಂತೆ ನುಡಿಸುವ ವ್ಯವಸ್ಥೆ. ಅದು ಗುಟ್ಟಾಗಿ ಉಳಿದಿರಲಿಲ್ಲ. ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು, ಜಗತ್ತಿನ ವೇದಿಕೆಗಳ ಮೇಲೆಲ್ಲ ಕಾಣುತ್ತಿತ್ತು. ಆದರೂ ಅಂಥದೊಂದು ಸೌಲಭ್ಯ ಬಿಟ್‌ವಿಗ್ ಎಂಬ ಪ್ರತಿಸ್ಪರ್ಧಿ ಸಾಫ್ಟ್‌ವೇರಿನಲ್ಲಿ ಬಂದದ್ದು 2014ರಲ್ಲಿ, ಆಪಲ್‌ನ ಲಾಜಿಕ್‌ಗೆ ‘ಲೈವ್ ಲೂಪ್ಸ್’ ಎಂಬ ಹೆಸರಿನಲ್ಲಿ ಬಂದದ್ದು 2020ರಲ್ಲಿ, ಪ್ರೋ ಟೂಲ್ಸ್‌ಗೆ ‘ಸ್ಕೆಚ್’ ಆಗಿ ಬಂದದ್ದು 2023ರಲ್ಲಿ. ಕಣ್ಣೆದುರೇ ಇದ್ದದ್ದನ್ನು ತನ್ನದಾಗಿಸಿಕೊಳ್ಳಲು ಆಪಲ್‌ನಂಥ ದೊಡ್ಡ ಕಂಪನಿ ಹದಿನೆಂಟು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡಿರುವಾಗ, ನಾಲ್ಕು ತಿಂಗಳು ಮೊದಲೇ ಸುದ್ದಿ ತಿಳಿದರೆ ಎದುರಾಳಿ ಓಡೋಡಿ ಬಂದು ನಕಲು ಮಾಡುತ್ತಾನೆಂಬುದು ನಂಬುವ ಮಾತಲ್ಲ. ಲಾಜಿಕ್‌ನ ಸುದ್ದಿ ಮೊದಲೇ ಹೊರಬಿದ್ದದ್ದೂ ಉಂಟು. ಬಿಡುಗಡೆಗೆ ಕೆಲವು ವಾರ ಮುಂಚೆ ಆಪಲ್‌ನದೇ ಶಿಕ್ಷಣ ವಿಭಾಗದ ಪುಟದಲ್ಲಿ ಹೊಸ ಲಾಜಿಕ್‌ನ ಚಿತ್ರ ಕಣ್ತಪ್ಪಿನಿಂದ ಕಾಣಿಸಿಕೊಂಡಿತ್ತು. ಅದನ್ನು ನೋಡಿ ಯಾವ ಪ್ರತಿಸ್ಪರ್ಧಿಯೂ ಏನನ್ನೂ ಮಾಡಲಾಗಲಿಲ್ಲ.

ಪೇಟೆಂಟ್‌ನ ವಿಷಯ ಸ್ವಲ್ಪ ಬೇರೆ. ಯುರೋಪಿನಲ್ಲಿ ಅರ್ಜಿ ಸಲ್ಲಿಸುವ ಮೊದಲು ಒಂದು ಆವಿಷ್ಕಾರವನ್ನು ಜನರ ಮುಂದೆ ತೋರಿಸಿದರೆ ಅದರ ಹೊಸತನವೇ ಹೋಯಿತೆಂದು ಕಾನೂನು ಭಾವಿಸುತ್ತದೆ. ಅಮೆರಿಕದಲ್ಲಿ ಒಂದು ವರ್ಷದ ರಿಯಾಯಿತಿ ಇದೆ. ಧ್ವನಿಯನ್ನು ವಿಶ್ಲೇಷಿಸುವ ಹೊಸ ಗಣಿತದ ಮಟ್ಟಿಗೆ ಈ ಕಾರಣ ನಿಜ. ಆದರೆ ಅರ್ಜಿ ಸಲ್ಲಿಸಿದ ಮರುದಿನ ಅದು ಮುಗಿದುಹೋಗುತ್ತದೆ. ವರ್ಷಗಟ್ಟಲೆಯ ಮೌನಕ್ಕೆ ಅದು ವಿವರಣೆಯಾಗಲಾರದು.

ನಿಜವಾದ ಕಾರಣಗಳು ಹಣದ ಬಳಿ ಇವೆ. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಸಂಗೀತಕ್ಕೆ ಸಂಬಂಧಿಸಿದ್ದಲ್ಲ. ಆಡಮ್ ಆಸ್ಬೋರ್ನ್ ಎಂಬ ಉದ್ಯಮಿಯ ಕಂಪನಿ 1981ರಲ್ಲಿ ಕೈಯಲ್ಲಿ ಹೊತ್ತೊಯ್ಯಬಹುದಾದ ‘ಆಸ್ಬೋರ್ನ್ 1’ ಎಂಬ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಮಾರಾಟ ಭರದಿಂದ ಸಾಗಿತು. 1983ರಲ್ಲಿ ಅದಕ್ಕಿಂತ ಉತ್ತಮವಾದ ಯಂತ್ರ ಬರುತ್ತಿದೆ ಎಂಬ ಸುದ್ದಿ ಹೊರಬಿದ್ದ ಮೇಲೆ ಜನ ಹಳೆಯದನ್ನು ಕೊಳ್ಳುವುದನ್ನು ನಿಲ್ಲಿಸಿದರು, ಹೊಸದು ಇನ್ನೂ ಕೈಗೆ ಸಿಗುವಂತಿರಲಿಲ್ಲ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಎದ್ದಿತು. ಕಂಪನಿ ಮುಳುಗಲು ಬೇರೆ ಕಾರಣಗಳೂ ಇದ್ದವೆಂದು ವಾದಿಸುವವರಿದ್ದಾರೆ, ಆ ವಾದದಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ‘ಆಸ್ಬೋರ್ನ್ ಪರಿಣಾಮ’ ಎಂಬ ಹೆಸರು ಉಳಿದುಕೊಂಡಿತು, ಅದರ ಜೊತೆಗೆ ಭಯವೂ ಉಳಿಯಿತು.

ಸಂಗೀತ ಸಾಫ್ಟ್‌ವೇರ್ ಕಂಪನಿಗಳಿಗೆ ಈ ಭಯ ಹೆಚ್ಚಾಗಿರಲು ಕಾರಣವಿದೆ. ಇವುಗಳಲ್ಲಿ ಬಹಳಷ್ಟು ಒಂದೆರಡು ಉತ್ಪನ್ನಗಳನ್ನೇ ನಂಬಿ ನಡೆಯುವ ಸಂಸ್ಥೆಗಳು. ಒಮ್ಮೆ ಹಣ ಕೊಟ್ಟರೆ ಆ ಆವೃತ್ತಿ ಗಿರಾಕಿಗೆ ಶಾಶ್ವತವಾಗಿ ಸಿಗುತ್ತದೆ. ಮುಂದಿನ ದೊಡ್ಡ ಆವೃತ್ತಿಗೆ ಮತ್ತೆ ಹಣ ಕೊಡಬೇಕು. ಅಂದರೆ ಎರಡು ಆವೃತ್ತಿಗಳ ನಡುವಿನ ತಿಂಗಳುಗಳಲ್ಲಿ ಸಂಬಳ ಕೊಡಲು ಬರುವ ಹಣ ಹಳೆಯ ಆವೃತ್ತಿಯ ಮಾರಾಟದಿಂದಲೇ ಬರಬೇಕು. ‘ಮುಂದಿನ ವರ್ಷ ಇಂಥದ್ದು ಬರುತ್ತದೆ’ ಎಂದು ಜನವರಿಯಲ್ಲಿ ಹೇಳಿಬಿಟ್ಟರೆ, ಕೊಳ್ಳಬೇಕೆಂದಿದ್ದವನು ಕಾಯುತ್ತಾನೆ. ಅವನು ಕಾಯುವುದು ಸರಿಯೇ. ಹಾಸನದ ಸ್ಟುಡಿಯೋದವನೂ ಆಗಸ್ಟ್‌ನಲ್ಲಿ ಸುದ್ದಿ ತಿಳಿದಿದ್ದರೆ ಅದನ್ನೇ ಮಾಡುತ್ತಿದ್ದ. ಕಂಪನಿ ಹೆದರುವುದು ಅದಕ್ಕೇ.

ಈ ಇಕ್ಕಟ್ಟಿಗೆ ಕಂಪನಿಗಳು ಕಂಡುಕೊಂಡ ಉಪಾಯಗಳಿವೆ. ಏಬಲ್‌ಟನ್ ಹೊಸ ಆವೃತ್ತಿಯನ್ನು ಬಿಡುಗಡೆಗೆ ಮೂರು ನಾಲ್ಕು ತಿಂಗಳಿರುವಾಗ ಮಾತ್ರ ಘೋಷಿಸುತ್ತದೆ. ಲೈವ್ 12ರ ಘೋಷಣೆ 2023ರ ನವೆಂಬರ್‌ನಲ್ಲಾದರೆ ಬಿಡುಗಡೆ 2024ರ ಮಾರ್ಚ್‌ನಲ್ಲಾಯಿತು. ಘೋಷಿಸಿದ ದಿನದಿಂದಲೇ ಹಳೆಯ ಆವೃತ್ತಿಯನ್ನು ರಿಯಾಯಿತಿ ದರದಲ್ಲಿ ಕೊಟ್ಟು, ಹಾಗೆ ಕೊಂಡವರಿಗೆ ಹೊಸದನ್ನು ಉಚಿತವಾಗಿ ಕೊಡುವ ಭರವಸೆ ನೀಡುತ್ತದೆ. ಆಗ ಕಾಯುವ ಕಾರಣವೇ ಇರುವುದಿಲ್ಲ, ಮಾರಾಟ ನಿಲ್ಲುವುದಿಲ್ಲ. ಸ್ಟೈನ್‌ಬರ್ಗ್ ಇನ್ನೊಂದು ದಾರಿ ಹಿಡಿದಿದೆ. ಅದು ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿದ ದಿನವೇ, ಅದಕ್ಕಿಂತ ಕೆಲವು ವಾರಗಳ ಹಿಂದಿನ ಒಂದು ದಿನಾಂಕವನ್ನು ಹೆಸರಿಸಿ, ಅಂದಿನಿಂದೀಚೆಗೆ ಹಳೆಯ ಆವೃತ್ತಿಯನ್ನು ಸಕ್ರಿಯಗೊಳಿಸಿದವರಿಗೆಲ್ಲ ಹೊಸದು ಉಚಿತ ಎನ್ನುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಲೆಕ್ಕಕ್ಕೆ ಬರುವುದು ಕೊಂಡ ದಿನಾಂಕವಲ್ಲ, ಕೋಡ್ ಹಾಕಿ ಸಕ್ರಿಯಗೊಳಿಸಿದ ದಿನಾಂಕ. ಬೆಂಗಳೂರಿನ ಡೀಲರ್‌ನಿಂದ ಸೆಪ್ಟೆಂಬರ್‌ನಲ್ಲಿ ತರಿಸಿಕೊಂಡು, ಬಿಡುವಾದ ಮೇಲೆ ನೋಡೋಣವೆಂದು ಮೇಜಿನ ಖಾನೆಯಲ್ಲಿಟ್ಟವನು ಈ ನಿಯಮದಿಂದ ಗೆದ್ದಿರಬಹುದು. ಶ್ರದ್ಧೆಯಿಂದ ಅಂದೇ ಹಾಕಿಕೊಂಡವನು ಸೋತಿರಬಹುದು.

ಇನ್ನು ಎರಡನೆಯ ಕಾರಣ. ಬಳಕೆದಾರರ ಚರ್ಚೆಗಳಲ್ಲಿ ಇದರ ಪ್ರಸ್ತಾಪ ಬಹಳ ಅಪರೂಪ, ಆದರೆ ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಕಾರಣ ಇದೇ. ಹೇಳಿದ ಮಾತು ಲೆಕ್ಕದ ಪುಸ್ತಕದಲ್ಲಿ ಬಾಕಿಯಾಗಿ ಕೂರುತ್ತದೆ.

ಸಕಲೇಶಪುರದ ಬೆಳೆಗಾರರೊಬ್ಬರು ಗಿಡದ ಮೇಲಿರುವ ಕಾಫಿಗೆ ವ್ಯಾಪಾರಿಯಿಂದ ಮುಂಗಡ ಪಡೆದರೆ ಹಣ ಕೈಗೆ ಬಂದಿರುತ್ತದೆ, ಆದರೆ ಅದು ಆದಾಯವಲ್ಲ. ಮೂಟೆ ತೂಗಿ ಕೊಡುವವರೆಗೆ ಅದು ಸಾಲದ ಕಡೆಯೇ ಇರಬೇಕು. ಸಾಫ್ಟ್‌ವೇರ್ ಮಾರುವವರಿಗೂ ನಿಯಮ ಇದೇ. ಹತ್ತು ಸಾವಿರ ರೂಪಾಯಿಗೆ ಒಂದು ಪ್ರೋಗ್ರಾಂ ಮಾರಿದ ಕಂಪನಿ, ಅದರ ಜೊತೆ ‘ಆರು ತಿಂಗಳಲ್ಲಿ ಇಂಥ ಸೌಲಭ್ಯವನ್ನು ನಿಮಗೆ ಉಚಿತವಾಗಿ ಕೊಡುತ್ತೇವೆ’ ಎಂದು ಹೇಳಿದ್ದರೆ, ಗಿರಾಕಿ ಕೊಂಡದ್ದು ಒಂದಲ್ಲ, ಎರಡು ವಸ್ತು ಎಂದು ಲೆಕ್ಕಶಾಸ್ತ್ರ ಪರಿಗಣಿಸುತ್ತದೆ: ಇಂದು ಕೊಟ್ಟದ್ದು ಒಂದು, ಮುಂದೆ ಕೊಡಬೇಕಾದದ್ದು ಇನ್ನೊಂದು. ಹತ್ತು ಸಾವಿರದಲ್ಲಿ ಎರಡನೆಯದರ ಪಾಲು ಎಷ್ಟೆಂದು ಅಂದಾಜು ಮಾಡಿ, ಅದನ್ನು ಈಗಿನ ಆದಾಯದಿಂದ ಹೊರಗಿಟ್ಟು, ಸೌಲಭ್ಯ ಬಿಡುಗಡೆಯಾದ ಮೇಲಷ್ಟೇ ಆದಾಯಕ್ಕೆ ಸೇರಿಸಬೇಕು. ಭಾರತದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇಂಡ್ ಎಎಸ್ 115 ಎಂಬ ಮಾನದಂಡ ಹೇಳುವುದೂ ಇದನ್ನೇ. ಹಾಸನದ ಯಾವ ಲೆಕ್ಕಪರಿಶೋಧಕರಿಗೂ ಇದು ಹೊಸ ವಿಷಯವಲ್ಲ. ಅದಕ್ಕಿಂತ ಮುಖ್ಯವಾಗಿ, ಭರವಸೆ ಲಿಖಿತ ಒಪ್ಪಂದದಲ್ಲಿಯೇ ಇರಬೇಕೆಂದಿಲ್ಲ. ಕಂಪನಿಯ ಬಹಿರಂಗ ಹೇಳಿಕೆಯಿಂದ, ಅಷ್ಟೇ ಏಕೆ, ಅದರ ವಾಡಿಕೆಯಿಂದಲೂ ಗಿರಾಕಿಯಲ್ಲಿ ನ್ಯಾಯವಾದ ನಿರೀಕ್ಷೆ ಹುಟ್ಟಿದ್ದರೆ ಅದನ್ನೂ ಭರವಸೆಯೆಂದೇ ತೆಗೆದುಕೊಳ್ಳಬಹುದು.

ಅಮೆರಿಕದಲ್ಲಿ ಹಿಂದೆ ಇದ್ದ ನಿಯಮ ಇನ್ನೂ ಕಠಿಣವಾಗಿತ್ತು. ಮುಂದೆ ಕೊಡುವುದಾಗಿ ಹೇಳಿದ ನಿರ್ದಿಷ್ಟ ಸೌಲಭ್ಯಕ್ಕೆ ಪ್ರತ್ಯೇಕವಾದ ಬೆಲೆಯನ್ನು ಆಧಾರಸಹಿತ ತೋರಿಸಲಾಗದಿದ್ದರೆ, ಒಂದು ಭಾಗವನ್ನಲ್ಲ, ಇಡೀ ಮಾರಾಟದ ಹಣವನ್ನೇ ಆದಾಯವೆಂದು ತೋರಿಸುವಂತಿರಲಿಲ್ಲ. ಇನ್ನೂ ಹುಟ್ಟದ ಸೌಲಭ್ಯವನ್ನು ಯಾರೂ ಬಿಡಿಯಾಗಿ ಮಾರುವುದಿಲ್ಲವಾದ್ದರಿಂದ ಅದರ ಬೆಲೆಯನ್ನು ತೋರಿಸುವುದು ಬಹಳ ಸಲ ಆಗದ ಮಾತೇ ಆಗಿತ್ತು. 2007ರಲ್ಲಿ ಆಪಲ್ ತನ್ನ ಕಂಪ್ಯೂಟರುಗಳಲ್ಲಿ ಆಗಲೇ ಅಡಗಿದ್ದ ವೇಗದ ವೈಫೈಯನ್ನು ಚಾಲೂ ಮಾಡಿಕೊಡಲು 1.99 ಡಾಲರ್ ಶುಲ್ಕ ವಿಧಿಸಿದಾಗ ಜನ ನಕ್ಕರು. ಅಷ್ಟು ದೊಡ್ಡ ಕಂಪನಿಗೆ ಎರಡು ಡಾಲರಿನ ಆಸೆಯೇ ಎಂದು. ಅದಕ್ಕೆ ಆಪಲ್ ಕೊಟ್ಟ ಕಾರಣ ಲೆಕ್ಕದ ನಿಯಮವೇ ಆಗಿತ್ತು: ಉಚಿತವಾಗಿ ಕೊಟ್ಟರೆ, ಹಿಂದೆ ಮಾರಿದ ಯಂತ್ರಗಳೆಲ್ಲ ಅಪೂರ್ಣವಾಗಿ ಮಾರಾಟವಾದವು ಎಂದಾಗುತ್ತಿತ್ತು.

ಸಂಗೀತ ಕ್ಷೇತ್ರದೊಳಗೇ ಇದರ ಬಿಸಿ ತಟ್ಟಿದ ಕಂಪನಿ ಎಂದರೆ ಪ್ರೋ ಟೂಲ್ಸ್ ಮತ್ತು ಸ್ವರಲಿಪಿ ಬರೆಯುವ ಸಿಬೆಲಿಯಸ್‌ಗಳ ಒಡೆತನ ಹೊಂದಿರುವ ಅವಿಡ್. ಅದು ಗಿರಾಕಿಗಳಿಗೆ ಹಲವು ವರ್ಷ ದೋಷ ತಿದ್ದುಪಡಿಗಳನ್ನೂ ಸುಧಾರಣೆಗಳನ್ನೂ ಉಚಿತವಾಗಿ ಕೊಡುತ್ತಾ ಬಂದಿತ್ತು. ಇದು ಔದಾರ್ಯವೆಂದು ನಾವು ನೀವು ಹೇಳುತ್ತೇವೆ. ಆದರೆ ಹಾಗೆ ಕೊಡುವುದು ವಾಡಿಕೆಯಾದ್ದರಿಂದ ಗಿರಾಕಿಗಳು ಅದನ್ನು ನಿರೀಕ್ಷಿಸಿಯೇ ಹಣ ಕೊಟ್ಟಿದ್ದರು ಎಂದೂ, ಆ ಹಣವನ್ನು ಮಾರಿದ ದಿನವೇ ಆದಾಯವೆಂದು ತೋರಿಸದೆ ಹಲವು ವರ್ಷಗಳಿಗೆ ಹಂಚಬೇಕಿತ್ತೆಂದೂ 2013ರಲ್ಲಿ ಕಂಪನಿಗೇ ಅರಿವಾಯಿತು. ಹಿಂದಿನ ವರ್ಷಗಳ ಲೆಕ್ಕವನ್ನು ಪುನಃ ಬರೆಯಬೇಕಾಯಿತು. ಅದು ಸಕಾಲದಲ್ಲಿ ಮುಗಿಯದೆ 2014ರ ಆರಂಭದಲ್ಲಿ ಅವಿಡ್‌ನ ಶೇರು ನಾಸ್ಡಾಕ್ ಪಟ್ಟಿಯಿಂದಲೇ ಹೊರಬಿದ್ದು, ಅದೇ ವರ್ಷದ ಕೊನೆಯಲ್ಲಿ ಮರಳಿತು. ಕೊಟ್ಟದ್ದನ್ನು ಕುರಿತ ಪಾಡೇ ಇದಾದರೆ, ಕೊಡುತ್ತೇವೆಂದು ಹೇಳುವುದಕ್ಕೆ ಕಂಪನಿಯ ಹಣಕಾಸು ಅಧಿಕಾರಿ ಒಪ್ಪುತ್ತಾನೆಯೇ? ಗಿರಾಕಿ ಸೇವಾ ವಿಭಾಗದ ಸಿಬ್ಬಂದಿ ‘ಮುಂದಿನ ಯೋಜನೆಗಳ ಬಗ್ಗೆ ನಾವು ಮಾತನಾಡುವುದಿಲ್ಲ’ ಎಂಬ ಒಂದೇ ವಾಕ್ಯವನ್ನು ಗಿಳಿಪಾಠದಂತೆ ಒಪ್ಪಿಸುವುದರ ಹಿಂದೆ ಇರುವುದು ಬಹುಪಾಲು ಅಹಂಕಾರವಲ್ಲ, ಆಡಿಟರ್. ಸಾಫ್ಟ್‌ವೇರ್ ಮಾರಾಟದ ಹಲವು ಒಪ್ಪಂದಗಳಲ್ಲಿ ‘ಭವಿಷ್ಯದ ಯಾವುದೇ ಸೌಲಭ್ಯವನ್ನು ನಂಬಿ ಈ ಖರೀದಿ ಮಾಡುತ್ತಿಲ್ಲ’ ಎಂಬ ಅರ್ಥದ ಒಂದು ಷರತ್ತು ಇರುವುದೂ ಇದಕ್ಕಾಗಿಯೇ. ಓದದೆ ‘ಒಪ್ಪಿದೆ’ ಒತ್ತುವ ನಾವೆಲ್ಲ ಅದಕ್ಕೆ ಸಹಿ ಹಾಕಿದವರೇ.

ಗ್ರಾಹಕ ಕಾನೂನಿನ ಭಯವೂ ಇದರ ಜೊತೆಗೆ ಸೇರುತ್ತದೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ ಅವಕಾಶವಿದೆ, ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಆಪಲ್ 2024ರಲ್ಲಿ ಸಿರಿಗೆ ಹೊಸ ಬುದ್ಧಿ ಬರುತ್ತದೆಂದು ಜಾಹೀರಾತು ಕೊಟ್ಟು, 2025ರ ಮಾರ್ಚ್‌ನಲ್ಲಿ ಅದು ತಡವಾಗುತ್ತದೆಂದು ಹೇಳಿದ ಕೂಡಲೇ ಅಮೆರಿಕದಲ್ಲಿ ಮೊಕದ್ದಮೆ ಬಿದ್ದದ್ದನ್ನು ಎಲ್ಲ ಕಂಪನಿಗಳೂ ನೋಡಿವೆ.

ಮೂರನೆಯ ಕಾರಣ ಕೆಲಸದ ಸ್ವರೂಪದಲ್ಲೇ ಇದೆ. ಸಂಗೀತದ ಸಾಫ್ಟ್‌ವೇರಿಗೆ ಬೇರೆ ಬಹಳಷ್ಟು ಸಾಫ್ಟ್‌ವೇರುಗಳಿಗಿಲ್ಲದ ಒಂದು ಕಟ್ಟುಪಾಡು ಇದೆ, ಅದು ತಡಮಾಡುವಂತಿಲ್ಲ. ಸಿ.ಡಿ. ಗುಣಮಟ್ಟದ ಧ್ವನಿಯೆಂದರೆ ಸೆಕೆಂಡಿಗೆ 44,100 ಮಾದರಿಗಳು. ಹಾಡುವವರಿಗೆ ತಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಬಾರದೆಂದು ಬಫರನ್ನು, ಅಂದರೆ ಒಂದು ಸಲಕ್ಕೆ ಸಂಸ್ಕರಿಸುವ ಧ್ವನಿಯ ತುಣುಕನ್ನು, 128 ಮಾದರಿಗಳಿಗೆ ಇಳಿಸಿದರೆ, ಕಂಪ್ಯೂಟರಿಗೆ ಪ್ರತಿ ಸಲ ಸಿಗುವ ಸಮಯ ಸುಮಾರು 2.9 ಮಿಲಿಸೆಕೆಂಡ್. ಆ ಅವಧಿಯೊಳಗೆ ತೆರೆದಿರುವ ಎಲ್ಲ ಟ್ರ್ಯಾಕ್‌ಗಳ, ಒಳಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳಾದ ಎಲ್ಲ ಪ್ಲಗಿನ್‌ಗಳ ಲೆಕ್ಕ ಮುಗಿದಿರಬೇಕು. ಒಮ್ಮೆ ತಪ್ಪಿದರೂ ಸ್ಪೀಕರಿನಲ್ಲಿ ‘ಟಕ್’ ಎಂಬ ಸದ್ದು ಕೇಳಿ ಟೇಕ್ ಹಾಳಾಗುತ್ತದೆ. ಇದರ ಮೇಲೆ, ಐದು ವರ್ಷದ ಹಿಂದಿನ ಹಾಡನ್ನು ತೆರೆದರೆ ಅದು ಅಂದು ಕೇಳಿದಂತೆಯೇ ಇಂದೂ ಕೇಳಬೇಕು. ಬೇರೆ ಬೇರೆ ಕಂಪನಿಗಳು ಬರೆದ, ತನ್ನ ಹಿಡಿತದಲ್ಲಿಲ್ಲದ ಪ್ಲಗಿನ್‌ಗಳನ್ನು ಒಳಗೆ ಬಿಟ್ಟುಕೊಂಡು ಕುಸಿಯದೆ ನಿಲ್ಲಬೇಕು. ಹೀಗಿರುವಾಗ ಪ್ರಯೋಗಾಲಯದ ಒಂದು ಯಂತ್ರದಲ್ಲಿ ಸೊಗಸಾಗಿ ನಡೆದ ಸೌಲಭ್ಯ ಜಗತ್ತಿನ ಲಕ್ಷಾಂತರ ಯಂತ್ರಗಳಲ್ಲಿ ಯಾವಾಗ ನಡೆಯುತ್ತದೆಂದು ಹೇಳುವುದು ಅದನ್ನು ಬರೆದವರಿಗೂ ಕಷ್ಟ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಕರ್ನಾಟಕ ಸಂಗೀತದ ಗಾಯಕ ಆರ್. ಕೆ. ಶ್ರೀಕಂಠನ್ ಅವರು ಹುಟ್ಟಿದ ರುದ್ರಪಟ್ಟಣ ಇರುವ ಜಿಲ್ಲೆಯಲ್ಲಿ ಗಮಕವೆಂದರೇನೆಂದು ವಿವರಿಸಬೇಕಾಗಿಲ್ಲ. ಕೀಬೋರ್ಡ್ ನುಡಿಸುವವರು ಎಡಗೈಯಲ್ಲಿ ಷಡ್ಜ ಪಂಚಮಗಳನ್ನು ಒತ್ತಿಹಿಡಿದು, ಬಲಗೈಯಲ್ಲಿ ತೋಡಿಯ ಗಾಂಧಾರವನ್ನು ಒತ್ತಿ, ಅದನ್ನು ತೂಗಿಸಲು ಪಿಚ್ ಬೆಂಡ್ ಚಕ್ರವನ್ನು ಅಲುಗಿಸಿದರೆ ಏನಾಗುತ್ತದೆ? ಗಾಂಧಾರದ ಜೊತೆಗೆ ಷಡ್ಜ ಪಂಚಮಗಳೂ ತೂಗಾಡತೊಡಗುತ್ತವೆ, ಏಕೆಂದರೆ ಕೀಬೋರ್ಡಿನಿಂದ ಕಂಪ್ಯೂಟರಿಗೆ ಸ್ವರಗಳ ಆಜ್ಞೆ ಸಾಗಿಸುವ ಮಿಡಿ ಪದ್ಧತಿಯಲ್ಲಿ ಆ ಚಕ್ರದ ಆಜ್ಞೆ ಇಡೀ ಚಾನೆಲ್‌ಗೆ ಅನ್ವಯಿಸುತ್ತದೆ. ಇದಕ್ಕೆ ಪರಿಹಾರವಾಗಿ ಒತ್ತಿದ ಪ್ರತಿಯೊಂದು ಸ್ವರಕ್ಕೂ ಬೇರೆ ಚಾನೆಲ್ ಕೊಡುವ ಎಂಪಿಇ ಎಂಬ ವ್ಯವಸ್ಥೆ 2018ರಲ್ಲಿ ಅಧಿಕೃತ ಮಾನದಂಡವಾಯಿತು. ಲೈವ್ ಬಳಸುವವರು ಇದನ್ನು ಕೇಳುತ್ತಲೇ ಇದ್ದರು. ಅದು ಅವರಿಗೆ ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ ಬಂದ 11ನೇ ಆವೃತ್ತಿಯಲ್ಲಿ. ಹೊರಗಿನಿಂದ ನೋಡಿದರೆ ಒಂದು ಗುಂಡಿ ಸೇರಿಸುವಷ್ಟು ಸಣ್ಣ ಕೆಲಸದಂತೆ ಕಾಣುವ ಇದು ಒಳಗೆ ಮುಟ್ಟುವುದು ಹಾಡನ್ನು ಉಳಿಸುವ ಫೈಲಿನ ರೂಪವನ್ನು, ಸ್ವರಗಳನ್ನು ತಿದ್ದುವ ಪರದೆಯನ್ನು, ಒಳಗಿರುವ ವಾದ್ಯಗಳನ್ನು, ಹೊರಗಿನ ಪ್ಲಗಿನ್‌ಗಳ ಜೊತೆಗಿನ ಸಂಪರ್ಕವನ್ನು, ಕೊನೆಗೆ ‘ರದ್ದುಮಾಡು’ ಒತ್ತಿದಾಗ ಏನು ಹಿಂದಕ್ಕೆ ಹೋಗಬೇಕೆಂಬ ಲೆಕ್ಕವನ್ನೂ. ಇಂಥ ಕೆಲಸದ ಮಧ್ಯದಲ್ಲಿ ದಿನಾಂಕ ಹೇಳಿದವರು ಬಹುಪಾಲು ಮಾತು ತಪ್ಪುತ್ತಾರೆ. ‘ಪರಿಶೀಲಿಸುತ್ತಿದ್ದೇವೆ’ ಎಂದಷ್ಟೇ ಹೇಳಿದರೂ ಕೇಳುವವರ ಕಿವಿಗೆ ಅದು ‘ಬರುತ್ತದೆ’ ಎಂದೇ ಬೀಳುತ್ತದೆ, ಆರು ತಿಂಗಳಾದ ಮೇಲೆ ‘ಇನ್ನೂ ಏಕಿಲ್ಲ’ ಎಂಬ ಪ್ರಶ್ನೆಯಾಗಿ ಮರಳುತ್ತದೆ.

ಮಾತು ಮುಂದೆ ಓಡಿ ಕೆಲಸ ಹಿಂದೆ ಉಳಿದ ಪ್ರಸಂಗಗಳು ಸಾಕಷ್ಟಿವೆ. ಮ್ಯೂನಿಕ್‌ನ ಸೆಲೆಮೊನಿ ಕಂಪನಿ 2008ರ ವಸಂತದಲ್ಲಿ ಫ್ರಾಂಕ್‌ಫರ್ಟ್‌ನ ಸಂಗೀತ ಮೇಳದಲ್ಲಿ ತನ್ನ ಮೆಲೊಡೈನ್‌ಗೆ ಬರಲಿರುವ ಹೊಸ ವಿದ್ಯೆಯನ್ನು ತೋರಿಸಿತು. ರೆಕಾರ್ಡ್ ಆದ ಗಿಟಾರ್ ಸ್ವರಮೇಳದ (ಕಾರ್ಡ್) ಒಳಗಿನ ಒಂದೇ ಸ್ವರವನ್ನು ಹೆಕ್ಕಿ ತಿದ್ದುವ ಆ ವಿದ್ಯೆಯನ್ನು ಕಂಡವರು ಬೆರಗಾದರು, ಆದರೆ ಅದು ಮಾರಾಟಕ್ಕೆ ಬಂದದ್ದು 2009ರ ಕೊನೆಯಲ್ಲಿ. ಏಬಲ್‌ಟನ್‌ನಿಂದ ಹೊರಬಂದವರು ಕಟ್ಟಿದ ಬಿಟ್‌ವಿಗ್ ತನ್ನ ಸಾಫ್ಟ್‌ವೇರನ್ನು 2012ರ ಆರಂಭದಲ್ಲಿ ಘೋಷಿಸಿ, 2014ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತು.

ಹಾಗಾದರೆ ಬಿಟ್‌ವಿಗ್‌ನವರಿಗೆ ಆಸ್ಬೋರ್ನ್‌ನ ಭಯವಿರಲಿಲ್ಲವೇ? ಇರಲಿಲ್ಲ, ಅದಕ್ಕೆ ಕಾರಣವೂ ಸ್ಪಷ್ಟ. 2012ರ ಬಿಟ್‌ವಿಗ್‌ಗೆ ಮಾರಾಟ ನಿಂತುಹೋಗಲು ಹಳೆಯ ಉತ್ಪನ್ನವೇ ಇರಲಿಲ್ಲ. ಜನ ಕಾಯತೊಡಗಿದರೆ ನಿಲ್ಲುತ್ತಿದ್ದದ್ದು ಬೇರೆಯವರ ಮಾರಾಟ. ಹೊಸಬರಿಗೆ ಮುಂಚಿತ ಘೋಷಣೆಯಿಂದ ಲಾಭವೇ ಹೊರತು ನಷ್ಟವಿಲ್ಲ. ಡೊರಿಕೊ ಎಂಬ ಸ್ವರಲಿಪಿ ಸಾಫ್ಟ್‌ವೇರಿನ ಕಥೆಯೂ ಇದೇ ಬಗೆಯದು. 2012ರಲ್ಲಿ ಅವಿಡ್ ತನ್ನ ಸಿಬೆಲಿಯಸ್ ತಂಡದ ಲಂಡನ್ ಕಚೇರಿಯನ್ನು ಮುಚ್ಚಿದಾಗ, ಆ ತಂಡವನ್ನು ಸ್ಟೈನ್‌ಬರ್ಗ್ ಕೆಲಸಕ್ಕೆ ತೆಗೆದುಕೊಂಡಿತು. ತಂಡದ ಡೇನಿಯಲ್ ಸ್ಪ್ರೆಡ್‌ಬರಿ 2013ರಿಂದ ಹೊಸ ಸಾಫ್ಟ್‌ವೇರ್ ಹೇಗೆ ರೂಪುಗೊಳ್ಳುತ್ತಿದೆ, ಯಾವ ಚಿಹ್ನೆಯನ್ನು ಎಲ್ಲಿ ಕೂರಿಸಲು ಏನೆಲ್ಲ ಯೋಚಿಸುತ್ತಿದ್ದೇವೆ ಎಂಬುದನ್ನು ಬಹಿರಂಗವಾಗಿ ದೀರ್ಘವಾಗಿ ಬರೆಯುತ್ತಾ ಬಂದರು. ಈ ಕ್ಷೇತ್ರದಲ್ಲಿ ಅಷ್ಟು ತೆರೆದ ಬರವಣಿಗೆ ಮತ್ತೊಂದನ್ನು ನಾನು ಕಂಡಿಲ್ಲ. 2016ರ ಅಕ್ಟೋಬರ್‌ನಲ್ಲಿ ಡೊರಿಕೊ ಹೊರಬಂದಾಗ ಅದರಲ್ಲಿ ಸ್ವರಮೇಳದ ಚಿಹ್ನೆಗಳಂಥ ಮೂಲಭೂತ ಸಂಗತಿಗಳೇ ಇರಲಿಲ್ಲ, ಅವು ಮರುವರ್ಷದ ಅಪ್‌ಡೇಟ್‌ನಲ್ಲಿ ಬಂದವು. ಆದರೂ ಬಳಕೆದಾರರು ತಾಳ್ಮೆ ಕಳೆದುಕೊಳ್ಳಲಿಲ್ಲವೆಂದರೆ ಅದಕ್ಕೆ ಆ ಬರವಣಿಗೆ ಕಟ್ಟಿದ ನಂಬಿಕೆಯೇ ಕಾರಣವೆಂದು ನನ್ನ ಅನಿಸಿಕೆ. ಸ್ವಾರಸ್ಯವೆಂದರೆ, ಡೊರಿಕೊ ಮಾರಾಟದ ವಸ್ತುವಾದ ಮೇಲೆ ಅದೇ ತಂಡ ಮುಂದಿನ ಆವೃತ್ತಿಗಳ ವಿಷಯದಲ್ಲಿ ಅಳೆದು ತೂಗಿ ಮಾತನಾಡತೊಡಗಿತು. ಮನುಷ್ಯರು ಅವರೇ, ಬದಲಾದದ್ದು ಅವರು ನಿಂತ ಜಾಗ.

ಇದರಿಂದ ಒಂದು ಸೂತ್ರ ಸಿಗುತ್ತದೆ: ಕಂಪನಿ ಎಷ್ಟು ಬಿಚ್ಚಿ ಮಾತನಾಡುತ್ತದೆ ಎಂಬುದು ಅದು ಹಣವನ್ನು ಹೇಗೆ ಪಡೆಯುತ್ತದೆ ಎಂಬುದನ್ನು ಅವಲಂಬಿಸಿದೆ. ಕೊಕೊಸ್ ಎಂಬ ಪುಟ್ಟ ಸಂಸ್ಥೆಯ ರೀಪರ್‌ ಅನ್ನು ನೋಡಿ. ವ್ಯಕ್ತಿಗಳಿಗೆ ಮತ್ತು ಸಣ್ಣ ವಹಿವಾಟಿಗೆ ಅದರ ರಿಯಾಯಿತಿ ಪರವಾನಗಿಯ ಬೆಲೆ 60 ಡಾಲರ್, ಒಂದು ಪರವಾನಗಿ ಎರಡು ದೊಡ್ಡ ಆವೃತ್ತಿಗಳಿಗೆ ಸಲ್ಲುತ್ತದೆ. ಇನ್ನೂ ಸಿದ್ಧವಾಗದ ಆವೃತ್ತಿಗಳನ್ನೂ ಅದು ಬದಲಾವಣೆಗಳ ಪಟ್ಟಿಯ ಸಮೇತ ಎಲ್ಲರ ಮುಂದಿಡುತ್ತದೆ. ಬೆಲ್ಜಿಯಂನ ಇಮೇಜ್-ಲೈನ್ ತನ್ನ ಎಫ್‌ಎಲ್ ಸ್ಟುಡಿಯೋ ಕೊಂಡವರಿಗೆ ಜೀವನಪೂರ್ತಿ ಉಚಿತ ಅಪ್‌ಡೇಟ್ ಕೊಡುತ್ತದೆ. ಇಂದು ಕೊಂಡರೂ ನಾಳಿನದು ಸಿಗುವುದು ಖಚಿತವಾದ್ದರಿಂದ ಗಿರಾಕಿ ಕಾಯುವ ಪ್ರಶ್ನೆಯೇ ಇಲ್ಲ. ಅದರ ಮ್ಯಾಕ್ ಆವೃತ್ತಿ 2018ರ ಮೇ ತಿಂಗಳಲ್ಲಿ ಪಕ್ಕಾ ಆಗುವ ಮೊದಲು ಹಲವು ವರ್ಷ ಅರೆಬೆಂದ ರೂಪದಲ್ಲೇ ಬಹಿರಂಗವಾಗಿ ಓಡಾಡುತ್ತಿತ್ತು. ಆರ್ಡರ್ (Ardour), ಮ್ಯೂಸ್‌ಸ್ಕೋರ್‌ಗಳಂಥ ಮುಕ್ತ ತಂತ್ರಾಂಶಗಳಲ್ಲಿ ಇಂದು ಬರೆದ ಸಾಲನ್ನು ಇಂದೇ ಯಾರು ಬೇಕಾದರೂ ಓದಬಹುದು. ತಿಂಗಳ ಬಾಡಿಗೆಯ ಪದ್ಧತಿಯಲ್ಲಿ ಹಣ ಹೇಗೂ ತಿಂಗಳು ತಿಂಗಳಿಗೇ ಆದಾಯವಾಗುವುದರಿಂದ ಲೆಕ್ಕದ ತೊಡಕೂ ಕಡಿಮೆ. ದೊಡ್ಡ ಬೆಲೆಗೆ ಒಮ್ಮೆ ಮಾರಿ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹಣ ಕೇಳುವ ಕಂಪನಿಯೇ ಅತಿ ಹೆಚ್ಚು ಮೌನಿ.

ಇಲ್ಲಿಯವರೆಗೆ ಹೇಳಿದ್ದು ಮುಂದೆ ಬರಲಿರುವುದರ ಗುಟ್ಟು. ಅದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಇದೇ ಕಂಪನಿಗಳು ಮುಚ್ಚಿಡುವ ಇನ್ನೊಂದು ಬಗೆಯ ಗುಟ್ಟು ಇದೆ, ಅದು ನಿಂತುಹೋಗಲಿರುವುದರ ಗುಟ್ಟು. ಮೇಲೆ ಹೇಳಿದ ಯಾವ ಕಾರಣವೂ ಅದನ್ನು ಸಮರ್ಥಿಸುವುದಿಲ್ಲ. 2002ರ ಜುಲೈನಲ್ಲಿ ಆಪಲ್ ಲಾಜಿಕ್ ತಯಾರಿಸುತ್ತಿದ್ದ ಇಮ್ಯಾಜಿಕ್ ಕಂಪನಿಯನ್ನು ಕೊಂಡು, ಅದೇ ಸೆಪ್ಟೆಂಬರ್ ಕೊನೆಗೆ ವಿಂಡೋಸ್ ಆವೃತ್ತಿಯನ್ನು ನಿಲ್ಲಿಸಿತು. ವಿಂಡೋಸ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಸಿಕ್ಕಿದ್ದು ಮೂರು ತಿಂಗಳು. ಕೇಕ್‌ವಾಕ್ ಕಂಪನಿ 2016ರಲ್ಲಿ ತನ್ನ ಸೋನಾರ್ ಸಾಫ್ಟ್‌ವೇರಿಗೆ ಜೀವನಪೂರ್ತಿ ಅಪ್‌ಡೇಟ್ ಎಂದು ಮಾರಿತು, 2017ರ ನವೆಂಬರ್‌ನಲ್ಲಿ ಅದರ ಒಡೆಯ ಗಿಬ್ಸನ್ ಅಭಿವೃದ್ಧಿಯನ್ನೇ ನಿಲ್ಲಿಸಿತು. ‘ಜೀವನ’ ಯಾರದೆಂದು ಕೇಳುವ ಗೋಜಿಗೆ ಕೊಂಡವರು ಹೋಗಿರಲಿಲ್ಲ. 2023ರ ಮಾರ್ಚ್‌ನಲ್ಲಿ ವೇವ್ಸ್ ಕಂಪನಿ ಇನ್ನು ಪ್ಲಗಿನ್‌ಗಳನ್ನು ಮಾರುವುದಿಲ್ಲ, ಚಂದಾದಾರಿಕೆ ಮಾತ್ರ ಎಂದು ಒಂದು ಬೆಳಿಗ್ಗೆ ಹೇಳಿ, ಜನ ಸಿಡಿದೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. 1988ರಿಂದ ಬಳಕೆಯಲ್ಲಿದ್ದ ಫಿನಾಲೆ ಎಂಬ ಸ್ವರಲಿಪಿ ಸಾಫ್ಟ್‌ವೇರನ್ನು 2024ರ ಆಗಸ್ಟ್ 26ರಂದು ಮೇಕ್‌ಮ್ಯೂಸಿಕ್ ನಿಲ್ಲಿಸಿದಾಗ, ಒಂದು ವರ್ಷದ ನಂತರ ಹೊಸ ಕಂಪ್ಯೂಟರಿನಲ್ಲಿ ಅದನ್ನು ಸಕ್ರಿಯಗೊಳಿಸಲೂ ಆಗುವುದಿಲ್ಲವೆಂದು ಮೊದಲು ಹೇಳಿತ್ತು; ಪ್ರತಿಭಟನೆಯ ನಂತರ ಆ ಮಾತನ್ನು ಬದಲಿಸಿತು. ಗಾಯಕವೃಂದಕ್ಕಾಗಿ ಇಪ್ಪತ್ತು ವರ್ಷ ಸ್ವರಲಿಪಿ ಬರೆದಿಟ್ಟವರಿಗೆ ಹೊಸ ಸೌಲಭ್ಯದ ಸುದ್ದಿ ತಡವಾದರೆ ಬೇಸರವಷ್ಟೇ. ಫೈಲುಗಳೇ ತೆರೆಯದಂತಾದರೆ ಇಪ್ಪತ್ತು ವರ್ಷದ ಕೆಲಸವೇ ಹೋದಂತೆ. ಗಿರಾಕಿಗಳು ಒತ್ತಾಯ ಮಾಡಬೇಕಾದದ್ದು ಈ ಎರಡನೆಯದಕ್ಕೆ: ಯಾವ ಆವೃತ್ತಿಗೆ ಎಲ್ಲಿಯವರೆಗೆ ಬೆಂಬಲ, ಕಂಪನಿ ಮುಚ್ಚಿದರೆ ಪರವಾನಗಿಯ ಗತಿಯೇನು ಎಂಬುದನ್ನು ಮಾರುವ ದಿನವೇ ಬರೆದು ಕೊಡಬೇಕೆಂದು. ನಮ್ಮ ಬಳಕೆದಾರರ ಸಿಟ್ಟೆಲ್ಲ ಮೊದಲನೆಯದರ ಮೇಲೆ ಖರ್ಚಾಗುತ್ತಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಅಲ್ಲಿಯವರೆಗೆ ಹಾಸನದ ಸ್ಟುಡಿಯೋದವರು ಮಾಡಬಹುದಾದದ್ದು ಕೆಲವಿದೆ. ಕಂಪನಿ ಹೇಳದಿದ್ದರೂ ಅದರ ಹಿಂದಿನ ಬಿಡುಗಡೆಗಳ ದಿನಾಂಕಗಳು ಹೇಳುತ್ತವೆ; ನವೆಂಬರ್‌ನ ವಾಡಿಕೆ ಇರುವ ಕಂಪನಿಯ ಸರಕನ್ನು ಆಗಸ್ಟ್‌ನಲ್ಲಿ ಪೂರ್ಣ ಬೆಲೆಗೆ ಕೊಳ್ಳಲೇಬೇಕಾದರೆ, ಉಚಿತ ಬದಲಾವಣೆಯ ಅವಧಿ ಎಷ್ಟು ಹಿಂದಕ್ಕೆ ಹೋಗುತ್ತದೆಂದು ಡೀಲರನ್ನು ಕೇಳಿಯೇ ಕೊಳ್ಳುವುದು ಒಳ್ಳೆಯದು. ಸೀಸನ್ನಿನ ಮಧ್ಯದಲ್ಲಿ ಆವೃತ್ತಿ ಬದಲಿಸಬಾರದು. ಹೊಸ ಆವೃತ್ತಿಯಲ್ಲಿ ಉಳಿಸಿದ ಹಾಡು ಹಳೆಯದರಲ್ಲಿ ಅನೇಕ ಸಲ ತೆರೆಯುವುದಿಲ್ಲವಾದ್ದರಿಂದ, ಮಿಕ್ಸಿಂಗ್‌ಗೆ ಬೆಂಗಳೂರಿಗೆ ಕಳಿಸಿದ ಹಾಡು ಅಲ್ಲಿಯವರ ಹೊಸ ಆವೃತ್ತಿಯಲ್ಲಿ ಉಳಿದು ಮರಳಿದರೆ ಇಲ್ಲಿ ತಂಬೂರಿಯ ಟ್ರ್ಯಾಕ್ ಒಂದನ್ನು ತಗ್ಗಿಸಲೂ ಆಗದಿರಬಹುದು. ಕೆಲಸ ಮುಗಿದ ಪ್ರತಿ ಹಾಡಿನ ಎಲ್ಲ ಟ್ರ್ಯಾಕ್‌ಗಳನ್ನೂ ಸೊನ್ನೆಯಿಂದ ಕೊನೆಯವರೆಗೆ ವೇವ್ ಫೈಲುಗಳಾಗಿ, ಕೀಬೋರ್ಡ್ ಭಾಗಗಳನ್ನು ಮಿಡಿ ಫೈಲುಗಳಾಗಿ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಡಬೇಕು. ಬಿಟ್‌ವಿಗ್ ಮತ್ತು ಪ್ರಿಸೋನಸ್ ಸೇರಿ 2023ರಲ್ಲಿ ಹೊರತಂದ, ಈಗ ಕ್ಯೂಬೇಸ್ 14 ಕೂಡ ಓದಬಲ್ಲ ‘ಡಾಪ್ರಾಜೆಕ್ಟ್’ ಎಂಬ ಮುಕ್ತ ಫೈಲ್ ರೂಪವನ್ನು ನಿಮ್ಮ ಸಾಫ್ಟ್‌ವೇರ್ ಬೆಂಬಲಿಸುವುದಾದರೆ ಅದರಲ್ಲೂ ಒಂದು ಪ್ರತಿ ಇರಲಿ. ಟ್ರ್ಯಾಕ್‌ಗಳ ಜೋಡಣೆ, ಏರಿಳಿತದ ಗೆರೆಗಳು, ಪ್ಲಗಿನ್‌ಗಳ ಸ್ಥಿತಿ ಎಲ್ಲವನ್ನೂ ಹೊತ್ತು ಅದು ಒಂದು ಕಂಪನಿಯ ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗಬಲ್ಲುದು.